ಲಂಡನ್ನಿನಲ್ಲಿ ಧ್ಯಾನ ಕಲಿಯೋದು: ಮೈಸೂರಿಂದ ಹೊರಟವರಿಗೆ ಉತ್ತರ

ಓದೋಕೆ ಲಂಡನ್ನಿಗೆ ಬರ್ತಿದ್ದೀನಿ, ಧ್ಯಾನವನ್ನ ಬೈಲಕುಪ್ಪೆಯಲ್ಲೇ ಕಲಿತು ಬರಲೋ, ಲಂಡನ್ನಿನ ಬೌದ್ಧ ಕೇಂದ್ರಕ್ಕೆ ಹೋಗಲೋ ಅಂತ ಕೇಳಿದ್ದೀರಿ. ಇಲ್ಲಿಗೆ ಬಂದ ಮೇಲೇ ಕಲೀರಿ. ಬೈಲಕುಪ್ಪೆ ಮೈಸೂರಿಗೆ ಸುಮಾರು 80 ಕಿಲೋಮೀಟರ್ ಅಷ್ಟೆ, ನಿಜ. ಆದರೆ ಅಲ್ಲಿನ ನಾಮ್‌ಡ್ರೋಲಿಂಗ್, ಸೆರಾ ಎರಡೂ ಟಿಬೆಟನ್ ಭಿಕ್ಷುಗಳು ವರ್ಷಗಟ್ಟಲೆ ಶಾಸ್ತ್ರ ಓದುವ ಮಠಗಳು. ಟಿಬೆಟನ್ ಪದ್ಧತಿಯಲ್ಲಿ ಮಂತ್ರ, ದೀಕ್ಷೆ, ದೇವತಾರೂಪದ ಕಲ್ಪನೆ ಎಲ್ಲ ಸೇರಿರುತ್ತೆ. ಮೊದಲ ಪಾಠಕ್ಕೆ ಅದು ಭಾರ.

ಲಂಡನ್ ಬುದ್ಧಿಸ್ಟ್ ಸೆಂಟರ್ ಇರೋದು ಬೆತ್ನಲ್ ಗ್ರೀನ್‌ನಲ್ಲಿ, ಹಳೇ ಅಗ್ನಿಶಾಮಕ ಠಾಣೆಯ ಕಟ್ಟಡದಲ್ಲಿ. ಸೆಂಟ್ರಲ್ ಲೈನ್ ಟ್ಯೂಬ್ (ಮೆಟ್ರೋ ರೈಲು) ಹಿಡಿದರೆ ಸಾಕು. ತ್ರಿರತ್ನ ಅನ್ನೋ ಬೌದ್ಧ ಪಂಥದವರದು. ಹೇಳಿಕೊಡೋರು ಬಿಳಿಯರಾದರೂ ಹೆಸರು ಪಾಲಿಯಲ್ಲೋ ಸಂಸ್ಕೃತದಲ್ಲೋ ಇರುತ್ತೆ, ಗಾಬರಿಯಾಗಬೇಡಿ. ಕಲಿಸೋದು ಮುಖ್ಯವಾಗಿ ಎರಡು.

ಮೊದಲನೆಯದು ಆನಾಪಾನಸತಿ, ಅಂದರೆ ಉಸಿರಿನ ಮೇಲೆ ಗಮನ ಇಡೋ ಧ್ಯಾನ. ನಾಲ್ಕು ಹಂತ, ಒಂದೊಂದಕ್ಕೆ ಐದು ನಿಮಿಷ ಅಂತಿಟ್ಟುಕೊಳ್ಳಿ. ಉಸಿರು ಹೊರಗೆ ಹೋದ ಮೇಲೆ ಒಂದು ಅಂತ ಎಣಿಸಿ ಹತ್ತರವರೆಗೆ ಹೋಗಿ, ಮತ್ತೆ ಒಂದರಿಂದ. ಎರಡನೇ ಹಂತದಲ್ಲಿ ಉಸಿರು ಒಳಗೆ ಬರುವ ಮುಂಚೆ ಎಣಿಕೆ. ಮೂರನೇದರಲ್ಲಿ ಎಣಿಕೆ ಬಿಟ್ಟು ಬರೀ ಉಸಿರು. ನಾಲ್ಕನೇದರಲ್ಲಿ ಮೂಗಿನ ತುದಿಯಲ್ಲೋ ಮೇಲ್ದುಟಿಯಲ್ಲೋ ಗಾಳಿ ತಾಕುವ ಜಾಗ. ಎಣಿಕೆ ಹದಿನಾಲ್ಕು, ಹದಿನೈದಕ್ಕೆ ಹೋಗಿದೆ ಅಂದರೆ ಬಾಯಿಪಾಠ ಶುರುವಾಗಿದೆ. ಸುಮ್ಮನೆ ಒಂದಕ್ಕೆ ಬನ್ನಿ. ಗೋಕುಲಂ ಕಡೆ ಅಷ್ಟಾಂಗ ಯೋಗ ಮಾಡಿದವರು ಇಲ್ಲಿ ಎಡವೋದು ಒಂದೇ ಕಡೆ: ಉಜ್ಜಾಯಿ (ಗಂಟಲು ಬಿಗಿಹಿಡಿದು ಸದ್ದು ಬರೋ ಹಾಗೆ ಉಸಿರಾಡೋದು) ಅಭ್ಯಾಸದಿಂದ ಉಸಿರನ್ನ ಎಳೆದು ಬಿಡೋಕೆ ಹೋಗ್ತಾರೆ. ಎದೆ ಬಿಗಿಯುತ್ತೆ, ತಲೆ ಹಗುರಾಗುತ್ತೆ. ಇಲ್ಲಿ ಉಸಿರನ್ನ ನಡೆಸೋದಿಲ್ಲ, ನೋಡೋದು.

ಎರಡನೆಯದು ಮೆತ್ತಾ ಭಾವನಾ, ಅಂದರೆ ಮೈತ್ರಿ ಬೆಳೆಸೋ ಧ್ಯಾನ. ಐದು ಹಂತ: ನಿಮಗೆ, ಸ್ನೇಹಿತರೊಬ್ಬರಿಗೆ, ಇಷ್ಟವೂ ಇಲ್ಲ ಕಷ್ಟವೂ ಇಲ್ಲ ಅನ್ನುವಂಥವರೊಬ್ಬರಿಗೆ, ಆಗಿಬಾರದವರಿಗೆ, ಕೊನೆಗೆ ನಾಲ್ವರಿಗೂ ಸಮನಾಗಿ, ಅಲ್ಲಿಂದ ಎಲ್ಲರಿಗೂ ಒಳ್ಳೇದು ಬಯಸೋದು. ಸ್ನೇಹಿತರು ಬದುಕಿರೋರೇ ಆಗಿರಲಿ, ಪ್ರೇಮದ ಆಸೆ ಇಲ್ಲದವರಾಗಿರಲಿ. ಹೊಸದಾಗಿ ಊರು ಬಿಟ್ಟವರು ಅಮ್ಮನನ್ನ ಆರಿಸಿಕೊಂಡು ಗಂಟಲು ಕಟ್ಟಿಸಿಕೊಳ್ತಾರೆ; ಶುರುವಿನಲ್ಲಿ ಬೇಡ. ಆಗಿಬಾರದವರು ಅಂದರೆ ಜನ್ಮದ ಶತ್ರು ಅಲ್ಲ, ಪಾತ್ರೆ ತೊಳೆಯದೆ ಸಿಂಕಿನಲ್ಲಿ ಬಿಡುವ ರೂಮ್‌ಮೇಟ್ ಸಾಕು.

ಚಕ್ಕಳಮಕ್ಕಳ ಹಾಕೋದು ನಮಗೆ ಗೊತ್ತಿರೋದೇ ಅಂತ ಒಂದೇ ದಿಂಬಿನ ಮೇಲೆ ಕೂರಬೇಡಿ. ಊಟಕ್ಕೆ ಕೂರೋದೇ ಬೇರೆ, ನಲವತ್ತು ನಿಮಿಷ ಅಲ್ಲಾಡದೆ ಕೂರೋದೇ ಬೇರೆ. ಸೊಂಟ ಮಂಡಿಗಿಂತ ಮೇಲಿರಬೇಕು. ತಗ್ಗಾದರೆ ಬೆನ್ನು ಗೂನಾಗಿ ಕಾಲು ಜೋಮು ಹಿಡಿಯುತ್ತೆ. ಎರಡು ಮೂರು ದಿಂಬು ಪೇರಿಸಿ, ಮಂಡಿ ನೆಲಕ್ಕೆ ತಾಗದಿದ್ದರೆ ಕೆಳಗೆ ಏನಾದರೂ ಕೊಡಿ. ಕುರ್ಚಿಯಾದರೂ ಯಾರೂ ಏನೂ ಅನ್ನಲ್ಲ. ಅಲ್ಲಾಡದೆ ಕೂತಾಗ ಮೈ ತಣ್ಣಗಾಗುತ್ತೆ, ಕಂಬಳಿ ಹೊದ್ದುಕೊಳ್ಳಿ. ಹೊಟ್ಟೆ ತುಂಬ ಅನ್ನ ಉಂಡು ಹೋದರೆ ತೂಕಡಿಕೆ ಗ್ಯಾರಂಟಿ.

ಚಪ್ಪಲಿ, ಶೂ ಹೊರಗೆ. ಬುದ್ಧನ ಮುಂದೆ ಕೈಮುಗಿಯೋದು ನಿಮ್ಮಿಷ್ಟ. ಹೇಳಿಕೊಡೋರ ಕಾಲಿಗೆ ಬೀಳೋಕೆ ಹೋಗಬೇಡಿ, ಅವರಿಗೇ ಮುಜುಗರ.

ವಿಪಶ್ಯನ ಧ್ಯಾನ ಕಲಿಸಿದ ಗುರು ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ಶಿಬಿರ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನ ಧಮ್ಮ ದೀಪ ಕೇಂದ್ರದಲ್ಲಿದೆ. ಶುಲ್ಕ ಇಲ್ಲ, ದಾನದಿಂದ ನಡೆಯುತ್ತೆ. ಬಿಟ್ಟಿ ಅಂತ ಮೊದಲೇ ಅಲ್ಲಿಗೆ ಓಡಬೇಡಿ: ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮಾತಿಲ್ಲ, ಫೋನಿಲ್ಲ. ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ, ವಾರಕ್ಕೊಂದು ಕ್ಲಾಸು, ಹೀಗೆ ಮೂರು ನಾಲ್ಕು ತಿಂಗಳಾದ ಮೇಲೆ ಅರ್ಜಿ ಹಾಕಿ.