ಕಾಡಲ್ಲಿ ಕಡಿದ ಮರ ಪುಕ್ಕಟೆ ಅಲ್ಲ

"ಅಣ್ಣ, ಮೂರು ವಾರದಿಂದ ಆಲ್ಬಿಯನ್ ಆನ್‌ಲೈನ್ ಆಟದಲ್ಲಿ, ಒಂದು ವಿಡಿಯೋ ನೋಡ್ಕೊಂಡು, ನಾನೇ ಮರ ಕಡಿದು, ನಾನೇ ಹಲಗೆ ಮಾಡಿ, ಟಿ4 (ನಾಲ್ಕನೇ ದರ್ಜೆ) ಬಿಲ್ಲು ಮಾಡಿ ಬ್ರಿಡ್ಜ್‌ವಾಚ್ ಊರಲ್ಲಿ ಮಾರ್ತಿದ್ದೀನಿ. ಸಾಮಾನಿಗೆ ಒಂದು ಸಿಲ್ವರ್ ಕೂಡ ಖರ್ಚಿಲ್ಲ. ಆದ್ರೂ ಪ್ರೀಮಿಯಂಗೆ (ಹೆಚ್ಚಿನ ಸವಲತ್ತಿನ ಚಂದಾ) ಸಾಕಾಗೋಷ್ಟು ಕೂಡ್ತಿಲ್ಲ. ಕ್ರಾಫ್ಟಿಂಗ್ ದಂಡನಾ?" ಅಂತ ಸ್ಕ್ರೀನ್‌ಶಾಟ್ ಸಮೇತ ಕೇಳಿದ್ದೀಯ.

ದಂಡ ಅಲ್ಲ ತಮ್ಮಾ. ಆದ್ರೆ ಕಾಯಿಲೆ ನಿನ್ನ ಪ್ರಶ್ನೆಯೊಳಗೇ ಕೂತಿದೆ. "ಸಾಮಾನಿಗೆ ಒಂದು ಸಿಲ್ವರ್ ಕೂಡ ಖರ್ಚಿಲ್ಲ" ಅಂದ್ಯಲ್ಲ, ಅಲ್ಲೇ.

ನಮ್ಮದು ಮಲೆನಾಡು, ಮನೇಲಿ ಅಡಿಕೆ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಜಗಲಿ ಮೇಲೆ ಒಂದೇ ಚರ್ಚೆ: ಹಸಿ ಅಡಿಕೆಯನ್ನೇ ತೂಕಕ್ಕೆ ಕೊಟ್ಟುಬಿಡೋದಾ, ಇಲ್ಲ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡೋದಾ? ಅಪ್ಪ ಯಾವತ್ತೂ "ಅಡಿಕೆ ನಮ್ಮದೇ, ಪುಕ್ಕಟೆ" ಅಂತ ಲೆಕ್ಕ ಶುರು ಮಾಡಿದ್ದಿಲ್ಲ. ಹಸಿಗೆ ಎಷ್ಟು ಸಿಗ್ತಿತ್ತು, ಅದರ ಮೇಲೆ ಸುಲಿಯೋ ಕೂಲಿ, ಸೌದೆ ಎಲ್ಲ ಸೇರಿದ ಮೇಲೆ ಎಷ್ಟು ಉಳೀತು, ಅದಷ್ಟೇ ಬೇಯಿಸಿದ್ದಕ್ಕೆ ಬಂದ ಲಾಭ. ನಿನ್ನ ಪೈನ್ ಮರವೂ ಹಾಗೇ. ಮಾರ್ಕೆಟ್‌ನಲ್ಲಿ ಅದಕ್ಕೆ ರೇಟ್ ಇದೆ ಅಂದ್ಮೇಲೆ ನೀನು ಅದನ್ನ ಹಲಗೆಗೆ ಹಾಕಿದ ಕ್ಷಣ ಅಷ್ಟು ದುಡ್ಡು ಹಾಕಿದ ಹಾಗೇ. ಮರ ಕಡಿದಿದ್ದರಲ್ಲಿ ನೀನು ದುಡಿದಿದ್ದೀಯ. ಬಿಲ್ಲು ಮಾಡಿ ಆ ದುಡಿಮೆಯಲ್ಲೇ ಸ್ವಲ್ಪ ಕಳ್ಕೊಂಡಿದ್ದೀಯ. ಒಟ್ಟಲ್ಲಿ ಸಿಲ್ವರ್ ಏರ್ತಾ ಇರೋದ್ರಿಂದ ಗೊತ್ತಾಗ್ತಿಲ್ಲ ಅಷ್ಟೇ.

ಹಾಗಾದ್ರೆ ಬಿಲ್ಲು ಮಾಡೋರಿಗೆ ಲಾಭ ಎಲ್ಲಿಂದ ಬರುತ್ತೆ? ರಿಟರ್ನ್ ರೇಟ್‌ನಿಂದ. ಈ ಆಟದ ಕ್ರಾಫ್ಟಿಂಗ್‌ನಲ್ಲಿ ಅರ್ಥ ಮಾಡ್ಕೊಳ್ಳಬೇಕಾದ ದೊಡ್ಡ ವಿಷಯ ಇದೊಂದೇ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಐದು ರಾಯಲ್ ಸಿಟಿಗಳಲ್ಲಿ ಎಲ್ಲೇ ಏನೇ ಮಾಡಿದ್ರೂ ಹಾಕಿದ ಸಾಮಾನಲ್ಲಿ ಸರಾಸರಿ 15.2 ಪರ್ಸೆಂಟ್ ವಾಪಸ್ ಬರುತ್ತೆ. ನೀನು ನೋಡಿರ್ತೀಯ. ಇದು ಎಲ್ಲರಿಗೂ ಸಿಗೋದು. ಆದ್ರೆ ಒಂದೊಂದು ಊರಿಗೆ ಒಂದೊಂದು ಕಚ್ಚಾ ಸಾಮಾನು ಒಲಿದಿದೆ: ಮರಕ್ಕೆ ಫೋರ್ಟ್ ಸ್ಟರ್ಲಿಂಗ್, ನಾರಿಗೆ ಲಿಮ್‌ಹರ್ಸ್ಟ್, ಕಲ್ಲಿಗೆ ಬ್ರಿಡ್ಜ್‌ವಾಚ್, ತೊಗಲಿಗೆ ಮಾರ್ಟ್‌ಲಾಕ್, ಅದಿರಿಗೆ ಥೆಟ್‌ಫರ್ಡ್. ಆ ಊರಲ್ಲಿ ಆ ಸಾಮಾನು ರಿಫೈನ್ ಮಾಡಿದ್ರೆ (ಮರದಿಂದ ಹಲಗೆ ಮಾಡೋ ಹಾಗೆ) ವಾಪಸ್ ಬರೋದು 36.7 ಪರ್ಸೆಂಟ್. ಮೇಲೆ ಫೋಕಸ್ (ಪ್ರೀಮಿಯಂ ಇದ್ದವರಿಗೆ ದಿನಾ ಸಿಗೋ ಅಂಕ) ಕೂಡ ಹಾಕಿದ್ರೆ 53.9.

ವಾಪಸ್ ಬಂದದ್ದನ್ನ ಮತ್ತೆ ಮತ್ತೆ ಹಾಕ್ತಾ ಹೋಗು. ನೂರು ಹಲಗೆಗೆ ಅಂತ ತಂದ ಸಾಮಾನಲ್ಲಿ ಬ್ರಿಡ್ಜ್‌ವಾಚ್‌ನಲ್ಲಿ ಹೆಚ್ಚುಕಮ್ಮಿ 118 ಹಲಗೆ ಆಗುತ್ತೆ. ಅದೇ ಸಾಮಾನು ಫೋರ್ಟ್ ಸ್ಟರ್ಲಿಂಗ್‌ಗೆ ಹೊತ್ಕೊಂಡು ಹೋದ್ರೆ 158. ಫೋಕಸ್ ಜೊತೆಗೆ 217. ಮಾರ್ಕೆಟ್‌ನಲ್ಲಿ ಹಲಗೆ ರೇಟ್ ಕೂರೋದು ಈ 158, 217 ಮಾಡೋರ ಲೆಕ್ಕಕ್ಕೆ. 118 ಮಾಡಿ ಅವರ ಜೊತೆ ಪೈಪೋಟಿಗೆ ಇಳಿದಿದ್ದೀಯ ನೀನು.

ಸುಮ್ನೆ ಲೆಕ್ಕ ಸುಲಭ ಆಗಲಿ ಅಂತ ಬಾಯಿಗೆ ಬಂದ ರೇಟ್ ಹಾಕ್ತೀನಿ. ಒಂದು ಟಿ4 ಹಲಗೆಗೆ ಎರಡು ಟಿ4 ಮರ, ಒಂದು ಟಿ3 ಹಲಗೆ. ಮರ 100, ಟಿ3 ಹಲಗೆ 150 ಅಂತಿಟ್ಕೋ, ಒಟ್ಟು 350. ರಿಟರ್ನ್ ಕಳೆದ್ರೆ ಬ್ರಿಡ್ಜ್‌ವಾಚ್‌ನಲ್ಲಿ ಒಂದು ಹಲಗೆ ನಿನಗೆ 297ಕ್ಕೆ ಬೀಳುತ್ತೆ, ಫೋರ್ಟ್ ಸ್ಟರ್ಲಿಂಗ್‌ನಲ್ಲಿ 222ಕ್ಕೆ, ಫೋಕಸ್ ಹಾಕಿದ್ರೆ 161ಕ್ಕೆ. ಹಲಗೆ 270ಕ್ಕೆ ಹೋಗ್ತಿದೆ ಅನ್ನು. ಪ್ರೀಮಿಯಂ ಇಲ್ಲದವರಿಗೆ 8 ಪರ್ಸೆಂಟ್ ತೆರಿಗೆ, ಸೆಲ್ ಆರ್ಡರ್ (ಇಷ್ಟಕ್ಕೆ ಮಾರ್ತೀನಿ ಅಂತ) ಹಾಕೋಕೆ ಇನ್ನೊಂದು 2.5, ಕೈಗೆ ಬರೋದು 242. ಬ್ರಿಡ್ಜ್‌ವಾಚ್ ಹಲಗೆಗೆ 55 ನಷ್ಟ, ಫೋರ್ಟ್ ಸ್ಟರ್ಲಿಂಗ್ ಹಲಗೆಗೆ 20 ಲಾಭ. ಪ್ರೀಮಿಯಂ ಇದ್ರೆ ತೆರಿಗೆ 4 ಪರ್ಸೆಂಟ್‌ಗೆ ಇಳಿದು ಆ 20 ಹೋಗಿ 31 ಆಗುತ್ತೆ, ಫೋಕಸ್‌ನಿಂದ 91. ಒಂದೇ ಮರ, ಒಂದೇ ಕೆಲಸ. ಬದಲಾದದ್ದು ಊರು ಮಾತ್ರ.

ಆಟ ಮಾಡಿದೋರು ಬೇಕಂತಲೇ ಹೀಗೆ ಇಟ್ಟಿದ್ದಾರೆ. ಮರ ಚೆನ್ನಾಗಿ ಸಿಗೋ ಕಾಡು ಇರೋದು ಲಿಮ್‌ಹರ್ಸ್ಟ್ ಸುತ್ತ, ಹಲಗೆ ಲಾಭ ಇರೋದು ಹಿಮದ ಊರು ಫೋರ್ಟ್ ಸ್ಟರ್ಲಿಂಗ್‌ನಲ್ಲಿ. ಐದಕ್ಕೆ ಐದೂ ಹಾಗೇ, ಯಾವ ಊರೂ ತನ್ನ ಸೀಮೆ ಬೆಳೆಯನ್ನ ತಾನೇ ಚೆನ್ನಾಗಿ ರಿಫೈನ್ ಮಾಡಲ್ಲ. ಯಾರಾದ್ರೂ ಹೊರಲೇಬೇಕು. ಹೊತ್ತೋನಿಗೇ ಕೂಲಿ. ನನಗಂತೂ ಇಡೀ ಆಟದಲ್ಲಿ ತುಂಬಾ ಇಷ್ಟ ಆದ ಯೋಚನೆ ಇದು.

ಬಿಲ್ಲಿಗೂ ಊರು ಇದೆ, ಅದು ಲಿಮ್‌ಹರ್ಸ್ಟ್. ಆಯುಧ, ಕವಚಕ್ಕೆ ಊರಿನ ಬೋನಸ್ ಚಿಕ್ಕದು: 15.2 ಹೋಗಿ 24.8 ಆಗುತ್ತೆ. ಒಂದು ಬಿಲ್ಲಿಗೆ 32 ಹಲಗೆ, 270ರಂತೆ 8,640. ಬ್ರಿಡ್ಜ್‌ವಾಚ್‌ನಲ್ಲಿ ಮಾಡಿದ್ರೆ 7,327 ಬಿತ್ತು, ಲಿಮ್‌ಹರ್ಸ್ಟ್‌ನಲ್ಲಿ 6,497. ಬಿಲ್ಲು 7,600ಕ್ಕೆ ಹೋದ್ರೆ ನಿನ್ನ ಕೈಗೆ 6,802. ಒಂದು ಕಡೆ ಬಿಲ್ಲಿಗೆ ಐನೂರು ಚಿಲ್ಲರೆ ನಷ್ಟ, ಇನ್ನೊಂದು ಕಡೆ ಮುನ್ನೂರು ಲಾಭ. ಇದರಲ್ಲಿ ಅಂಗಡಿ ಫೀ ಹಿಡಿದಿಲ್ಲ. ಕ್ರಾಫ್ಟಿಂಗ್ ಕಟ್ಟಡಗಳೆಲ್ಲ ಆಟಗಾರರದ್ದೇ, ಫೀ ಅವರಿಷ್ಟ. ಮೊದಲು ಕಂಡದ್ದಕ್ಕೆ ನುಗ್ಗಬೇಡ, ಇನ್ನೊಂದೆರಡು ಕಟ್ಟಡ ಕ್ಲಿಕ್ ಮಾಡಿ ನೋಡು. ಲಾಭ ಮುನ್ನೂರು ಇರೋವಾಗ ಫೀನಲ್ಲೇ ಅದು ಹೋಗಿಬಿಡಬಹುದು.

ನೋಡು, 8,640 ಬೆಲೆಯ ಹಲಗೆಯಿಂದ ಆದ ಬಿಲ್ಲು 7,600ಕ್ಕೆ ಹೋಗೋದು ನಾನು ಸುಮ್ನೆ ಹಾಕಿದ್ದಲ್ಲ. ಕೆಳಗಿನ ಟಿಯರ್‌ಗಳಲ್ಲಿ ಹೀಗೇ ಆಗೋದು ಜಾಸ್ತಿ. ಯಾಕಂದ್ರೆ ಟಿ4 ಬಿಲ್ಲು ಮಾಡೋ ಬಹಳ ಜನಕ್ಕೆ ಬಿಲ್ಲೇ ಬೇಡ, ಫೇಮ್ (ಅನುಭವದ ಅಂಕ) ಬೇಕು. ಡೆಸ್ಟಿನಿ ಬೋರ್ಡ್ ಅನ್ನೋ ಕೌಶಲದ ಪಟದಲ್ಲಿ ಟಿ5, ಟಿ6 ತೆಗೀಬೇಕು ಅಂತ ರಾಶಿ ಮಾಡಿ, ಸಿಕ್ಕ ಬೆಲೆಗೆ ಸುರಿದು ಹೋಗ್ತಾರೆ. ಇದು ಆಲ್ಬಿಯನ್ ಒಂದರ ಕಥೆಯಲ್ಲ. ರೂನ್‌ಸ್ಕೇಪ್ ಅನ್ನೋ ಇನ್ನೊಂದು ಆನ್‌ಲೈನ್ ಆಟ ಆಡಿದವರನ್ನ ಕೇಳು. ಕಚ್ಚಾ ಸಾಮಾನಿಗಿಂತ ಮಾಡಿದ ಸಾಮಾನು ಅಗ್ಗ ಆಗೋದು ಅಲ್ಲಿ ಮಾಮೂಲಿ, ಯಾಕಂದ್ರೆ ಜನ ದುಡ್ಡು ಕೊಟ್ಟು ಕೊಳ್ಳೋದು ಎಕ್ಸ್‌ಪಿಯನ್ನ, ಅಂದ್ರೆ ಅಲ್ಲಿನ ಅನುಭವದ ಅಂಕವನ್ನ. ಅಲ್ಲಿ ಹೈ ಆಲ್ಕೆಮಿ ಅನ್ನೋ ಮಂತ್ರ ಹಾಕಿದ್ರೆ ಸಾಮಾನು ಕರಗಿ ಚಿನ್ನ ಆಗುತ್ತೆ, ಯೂ ಮರದ ಉದ್ದ ಬಿಲ್ಲು ಅಂದ್ರೆ 768. ಹಾಗಾಗಿ ಬೆಲೆ ಅದಕ್ಕಿಂತ ತೀರಾ ಪಾತಾಳಕ್ಕೆ ಇಳಿಯಲ್ಲ. ಇಲ್ಲಿ ಆ ಮಂತ್ರ ಇಲ್ಲ.

ಇಲ್ಲಿರೋದು ಬ್ಲ್ಯಾಕ್ ಮಾರ್ಕೆಟ್. ಕೇರ್ಲಿಯನ್‌ನಲ್ಲಿ. ಅಲ್ಲಿ ಕೊಳ್ಳೋನು ಆಟಗಾರ ಅಲ್ಲ, ಆಟವೇ. ಕೊಂಡದ್ದನ್ನ ರಾಕ್ಷಸರ ಕೈಲಿ, ಪೆಟ್ಟಿಗೆಗಳಲ್ಲಿ ಇಟ್ಟು ಮತ್ತೆ ಜನಕ್ಕೆ ಸಿಗೋ ಹಾಗೆ ಮಾಡುತ್ತೆ. ಬಹಳ ದಿನ ಯಾರೂ ತಂದುಕೊಡದ ಸಾಮಾನಿಗೆ ರೇಟ್ ಏರ್ತಾ ಹೋಗುತ್ತೆ, ಒಮ್ಮೊಮ್ಮೆ ಕಣ್ಣು ಕುಕ್ಕೋ ಹಾಗಿರುತ್ತೆ. ನನಗೂ ಕುಕ್ಕಿತ್ತು. ನಲವತ್ತು ಬಿಲ್ಲು ಎತ್ತಿನ ಮೇಲೆ ಹೇರಿಕೊಂಡು ಹೊರಟೆ. ಕೇರ್ಲಿಯನ್ ಸುತ್ತ ಕೆಂಪು ವಲಯ. ಅಲ್ಲಿ ಬೇರೆ ಆಟಗಾರರು ಕೊಂದ್ರೆ ಮೈಮೇಲಿದ್ದದ್ದೆಲ್ಲ ಕೈತಪ್ಪಿ ಹೋಗುತ್ತೆ. ಊರಿನ ಬಾಗಿಲು ಇನ್ನೊಂದೇ ಮ್ಯಾಪ್ ದೂರ ಇತ್ತು, ಐದು ಜನ ಕಾದು ಕೂತಿದ್ರು. ಒಂದು ವಾರದ ಕೆಲಸ ಎರಡು ನಿಮಿಷಕ್ಕೆ ಖಾಲಿ, ಮೇಲೆ ಎತ್ತೂ ಹೋಯ್ತು. ಆಮೇಲಿಂದ ಒಂದು ಸಲಕ್ಕೆ ಕಳಕೊಂಡ್ರೂ ನಿದ್ದೆ ಬರೋಷ್ಟೇ ಹೇರೋದು. ನೀನು ಸದ್ಯ ಆ ಕಡೆ ತಲೆ ಹಾಕಬೇಡ. ಲಿಮ್‌ಹರ್ಸ್ಟ್‌ನಿಂದ ಫೋರ್ಟ್ ಸ್ಟರ್ಲಿಂಗ್‌ಗೆ ನೀಲಿ, ಹಳದಿ ವಲಯದಲ್ಲೇ ಹೋಗಬಹುದು, ಹೊಡೆದು ಬೀಳಿಸಿದ್ರೂ ಗಂಟು ನಿನ್ನ ಹತ್ರಾನೇ ಇರುತ್ತೆ.

ಇನ್ನು ನಿನ್ನ ಮಟ್ಟಿಗೆ. ಪ್ರೀಮಿಯಂ ಬರೋವರೆಗೂ ಬಿಲ್ಲು ನಿಲ್ಲಿಸು. ಲಿಮ್‌ಹರ್ಸ್ಟ್ ಕಡೆ ಮರ ಕಡಿ, ಫೋರ್ಟ್ ಸ್ಟರ್ಲಿಂಗ್‌ಗೆ ಹೊತ್ತು ಹಾಕು, ಅಲ್ಲಿ ಮರ ಮತ್ತು ಹಲಗೆ ಎರಡರ ರೇಟೂ ನೋಡು. ಹಲಗೆ ಲೆಕ್ಕಕ್ಕೆ ಬಂದ್ರೆ ಹಲಗೆ ಮಾಡು, ಇಲ್ಲಾಂದ್ರೆ ಮರವನ್ನೇ ಮಾರಿ ಬಾ, ಅದರಲ್ಲಿ ಅವಮಾನ ಏನಿಲ್ಲ. ಟಿ3 ಹಲಗೆ ನೀನೇ ಮಾಡ್ತಾ ಕೂರಬೇಡ. ರಾತ್ರಿ ಬೈ ಆರ್ಡರ್ (ಇಷ್ಟಕ್ಕೆ ಕೊಳ್ತೀನಿ ಅಂತ) ಹಾಕಿ ಮಲಗು, ಬೆಳಗ್ಗೆ ಎಷ್ಟೋ ಬಂದಿರುತ್ತೆ. ಅದಕ್ಕೂ 2.5 ಪರ್ಸೆಂಟ್ ಹೋಗುತ್ತೆ, ಲೆಕ್ಕಕ್ಕೆ ಸೇರಿಸ್ಕೋ. ನೀನು ಮಾರೋವಾಗ ಬೇರೆಯವರು ಹಾಕಿರೋ ಬೈ ಆರ್ಡರ್‌ಗೇ ಕೊಟ್ರೆ ಆ 2.5 ಇಲ್ಲ, ತೆರಿಗೆ ಮಾತ್ರ. ಅವಸರ ಇದ್ದಾಗ ಎರಡನ್ನೂ ಹೋಲಿಸಿ ನೋಡು.

ಪ್ರೀಮಿಯಂ ಬಂದ್ಮೇಲೆ ದಿನಕ್ಕೆ 10,000 ಫೋಕಸ್ ಸಿಗುತ್ತೆ, 30,000ಕ್ಕೆ ನಿಲ್ಲುತ್ತೆ. ಅಂದ್ರೆ ಮೂರು ದಿನಕ್ಕೊಮ್ಮೆಯಾದ್ರೂ ಖರ್ಚು ಮಾಡು, ತುಂಬಿದ ಮೇಲೆ ಬರೋದು ಚೆಲ್ಲಿ ಹೋದ ಹಾಗೆ. ನನ್ನ ಮಾತು ಕೇಳೋದಾದ್ರೆ ಮೊದಮೊದಲು ಅಷ್ಟೂ ಹಲಗೆಗೇ ಹಾಕು. ಒಂದೇ ಕಸುಬು ಹಿಡಿದು ಸ್ಪೆಕ್ (ಆ ಕಸುಬಿನ ಪರಿಣತಿ) ಏರಿಸಿದ ಹಾಗೆ ಒಂದು ಹಲಗೆಗೆ ಬೇಕಾಗೋ ಫೋಕಸ್ ಇಳೀತಾ ಬರುತ್ತೆ. ಇವತ್ತು ಮರ, ನಾಳೆ ತೊಗಲು, ನಾಡಿದ್ದು ಅಡುಗೆ ಅಂತ ಹಾರಿದ್ರೆ ಯಾವುದೂ ಇಳಿಯಲ್ಲ.

ಮುಂದೆ ಬಿಲ್ಲಿಗೆ ವಾಪಸ್ ಬಂದಾಗ ಖಾಲಿ ಫ್ಲೆಚರ್ ಜರ್ನಲ್ (ಬಿಲ್ಲು ಮಾಡೋರ ಪುಸ್ತಕ) ಒಂದಷ್ಟು ಜೊತೇಲಿಟ್ಕೊಂಡು ಮಾಡು. ಅದೇ ಟಿಯರ್‌ನದ್ದು. ಫೇಮ್ ಬಂದ ಹಾಗೆ ತಾವೇ ತುಂಬ್ತವೆ, ತುಂಬಿದ್ದಕ್ಕೆ ಮಾರ್ಕೆಟ್‌ನಲ್ಲಿ ಗಿರಾಕಿ ಇದ್ದಾರೆ. ಬಿಲ್ಲಲ್ಲಿ ಬರದ ಲಾಭ ಎಷ್ಟೋ ಸಲ ಜರ್ನಲ್‌ನಲ್ಲಿ ಬಂದಿದೆ ನನಗೆ. ಮಾಡಿದ ಬಿಲ್ಲೆಲ್ಲ ಒಂದೇ ರೇಟಿಗೆ ಹಾಕಬೇಡ, ಕ್ವಾಲಿಟಿ ನೋಡು. ಎಕ್ಸಲೆಂಟ್, ಮಾಸ್ಟರ್‌ಪೀಸ್ ಬಿದ್ದಿದ್ರೆ ಅವು ಬೇರೆ ಇಡು.

ಕೊನೆಗೆ ವಿಡಿಯೋ ವಿಷಯ. ನೀನು ಹಾಕಿರೋ ಸ್ಕ್ರೀನ್‌ಶಾಟ್ ಏಷ್ಯಾ ಸರ್ವರ್‌ದು, 2023ರ ಮಾರ್ಚ್‌ನಲ್ಲಿ ಶುರುವಾದದ್ದು. ನೋಡಿ ಕಲಿತಿರೋ ವಿಡಿಯೋ ಅಮೆರಿಕ ಸರ್ವರ್‌ದು. ಎರಡು ಮಾರ್ಕೆಟ್‌ಗೂ ಸಂಬಂಧವೇ ಇಲ್ಲ, 2024ರಲ್ಲಿ ಬಂದ ಯುರೋಪ್‌ದೂ ಬೇರೆ. ಅವನ ವಿಧಾನ ತಗೋ, ರೇಟ್ ತಗೋಬೇಡ.

ಈ ಭಾನುವಾರ ಸಂಜೆ ಮೂರು ರೇಟ್ ಬರೆದು ಇಲ್ಲೇ ಹಾಕು: ಫೋರ್ಟ್ ಸ್ಟರ್ಲಿಂಗ್‌ನಲ್ಲಿ ಟಿ4 ಮರ, ಟಿ3 ಹಲಗೆ, ಟಿ4 ಹಲಗೆ. ಅಂಗಡಿ ಫೀ ಎಷ್ಟು ತಗೊಂಡ್ರು ಅನ್ನೋದೂ ಇರ್ಲಿ. ಕೂತು ಲೆಕ್ಕ ಹಾಕೋಣ.