ಹೊಂಗೆ ಮರದಡಿ ಹೊಂಗೆ ಸಸಿ ಯಾಕೆ ಉಳಿಯಲ್ಲ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ದೊಡ್ಡ ಹೊಂಗೆ ಮರವಿದೆ. ಮಳೆ ಬಿದ್ದರೆ ಬುಡದಲ್ಲಿ ರಾಶಿ ಸಸಿ ಏಳುತ್ತವೆ, ಆಮೇಲೆ ಒಂದೂ ಉಳಿಯಲ್ಲ. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಬೇವು ಮಾತ್ರ ಅಲ್ಲೇ ಚೆನ್ನಾಗಿದೆ. ನೆರಳೇ ಕಾರಣವಾ? ಬಿಸಿನಾಡಿನ ಕಾಡಲ್ಲಿ ಮರದ ಜಾತಿ ಜಾಸ್ತಿ ಇರೋದಕ್ಕೂ ಇದಕ್ಕೂ ನಂಟಿದೆಯಾ?
– ಓದುಗರು, ಗುಡಿಬಂಡೆ

ಉತ್ತರ: ನೆರಳು, ನೀರಿನ ಪೈಪೋಟಿ ಎರಡೂ ಸಸಿಗೆ ಕಷ್ಟವೇ. ಆದರೆ ಅದೇ ನೆರಳಲ್ಲಿ ಬೇವು ಬೆಳೆದಿದೆ, ಅಲ್ವಾ? ಹಾಗಾಗಿ ಇನ್ನೊಂದು ಕಾರಣವನ್ನೂ ನೋಡಬೇಕು.

ಹೊಂಗೆ ಎಲೆ ತಿರುಗಿಸಿ ನೋಡಿ. ಗಂಟು ಗಂಟು ಕಾಣುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಹೀಗೆ ಪ್ರತಿ ಮರಕ್ಕೂ ಅದನ್ನೇ ನೆಚ್ಚಿಕೊಂಡ ನುಸಿ, ಹುಳು, ಮಣ್ಣಿನ ಶಿಲೀಂಧ್ರ ಇರುತ್ತವೆ. ದೊಡ್ಡ ಮರ ತಡೆದುಕೊಳ್ಳುತ್ತದೆ, ಎರಡೆಲೆಯ ಸಸಿಗೆ ಆಗಲ್ಲ. ಬೇರೆ ಜಾತಿಯ ಸಸಿಯ ತಂಟೆಗೆ ಅವು ಅಷ್ಟಾಗಿ ಹೋಗಲ್ಲ. ಒಂದೇ ಜಾತಿ ಗುಂಪುಗಟ್ಟಿದ ಕಡೆ ಈ ಕಾಟ ಹೆಚ್ಚಿ, ಬೇರೆ ಜಾತಿಗೆ ಜಾಗ ಸಿಗುತ್ತದೆ. 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಹೇಳಿದ್ದು ಇದನ್ನೇ.

ನನಗೆ ತುಂಬಾ ಮೆಚ್ಚುಗೆಯಾದ ಪರೀಕ್ಷೆ ಬೆಲೀಜ್ ದೇಶದ ಕಾಡಿನದು. ಅಲ್ಲಿ ಕೆಲವು ತುಂಡು ಜಾಗಕ್ಕೆ ಶಿಲೀಂಧ್ರನಾಶಕ ಹೊಡೆದರು. ರೋಗ ತಗ್ಗಿದರೆ ಕಾಡು ಇನ್ನೂ ಸಮೃದ್ಧವಾಗಬೇಕು ಅನಿಸುತ್ತದೆ. ಆದರೆ ಸಸಿಗಳಲ್ಲಿ ಜಾತಿಗಳ ವೈವಿಧ್ಯವೇ ಕಡಿಮೆಯಾಯಿತು! 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇನ್ನು ಬಿಸಿನಾಡಿನ ಮಾತು. ಅಲ್ಲಿ ಈ ಕಾಟ ಜಾಸ್ತಿ, ಅದಕ್ಕೇ ಜಾತಿಯೂ ಜಾಸ್ತಿ ಎಂದು ಬಹಳ ಕಾಲ ನಂಬಿದ್ದರು. 2017ರಲ್ಲಿ 24 ಕಾಡುಗಳ ಲೆಕ್ಕ ಹಾಗೇ ಹೇಳಿತು. ಲೆಕ್ಕ ಹಾಕಿದ ಕ್ರಮದ ಬಗ್ಗೆ ತಕರಾರು ಬಂತು. 2024ರಲ್ಲಿ 23 ಕಾಡುಗಳಲ್ಲಿ ಮರಗಳು ಸಾಯುವುದನ್ನೇ ಅಳೆದು ನೋಡಿದರು. ಸರಾಸರಿಯಲ್ಲಿ ಬಿಸಿನಾಡಿನ ಕಾಟವೇನೂ ಜಾಸ್ತಿ ಇರಲಿಲ್ಲ. ತಂಪು ನಾಡಲ್ಲೂ ಇದು ಇದೆ. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಬಿಸಿನಾಡಲ್ಲಿ ಅಪರೂಪದ ಜಾತಿಗಳಿಗೆ ತಮ್ಮವರ ಗುಂಪು ಹೆಚ್ಚು ಪೆಟ್ಟು ಕೊಡುತ್ತದೆ, ಎಲ್ಲೆಲ್ಲೂ ಸಿಗುವ ಜಾತಿಗಳಿಗೆ ಕಡಿಮೆ. ತಂಪು ನಾಡಲ್ಲಿ ಈ ಭೇದವಿಲ್ಲ. ಅಂದರೆ ಯಾವ ಮರ ಎಷ್ಟಿರಬೇಕು ಅನ್ನುವುದರಲ್ಲಿ ಈ ಕಾಟದ ಕೈ ಬಿಸಿನಾಡಲ್ಲೇ ಜೋರು. ಜಾತಿಗಳು ಹೆಚ್ಚಲು ಇದೂ ಒಂದು ಕಾರಣ ಇರಬಹುದು, ಇದೊಂದೇ ಅಲ್ಲ.

ನಿಮ್ಮ ಮರದಡಿ ನಡೆದದ್ದು ಇದೇನಾ ಅಂತ ನೀವೇ ನೋಡಬಹುದು. ಒಂದಷ್ಟು ಕುಂಡಕ್ಕೆ ಹೊಂಗೆ ಬುಡದ ಮಣ್ಣು, ಇನ್ನೊಂದಷ್ಟಕ್ಕೆ ದೂರದ ಬೇವಿನ ಬುಡದ ಮಣ್ಣು ತುಂಬಿ. ಎಲ್ಲದರಲ್ಲೂ ಹೊಂಗೆ ಬೀಜವನ್ನೇ ಹಾಕಿ, ಒಂದೇ ನೆರಳಲ್ಲಿಟ್ಟು ಒಂದೇ ಅಳತೆ ನೀರು ಕೊಡಿ. ಹೊಂಗೆಯ ಬೇರಿಗೆ ಸಾರಜನಕ ಒದಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದರ ಬುಡದ ಮಣ್ಣಲ್ಲಿ ಇರುತ್ತವೆ. ಹಾಗಾಗಿ ಯಾವ ಕುಂಡದ ಸಸಿ ಮುಂದೆ ಹೋಗುತ್ತದೋ ಸುಮ್ನೆ ಊಹಿಸಬೇಡಿ. ಮುಂದಿನ ಮುಂಗಾರಿಗೆ ಮಾಡಿ, ಕಂಡದ್ದನ್ನು ನಮಗೂ ಬರೆಯಿರಿ.