ಕಾರಿಲ್ಲದ ದಾರಿ ಬೇಕಾದರೆ ನಿಂತುಹೋದ ರೈಲಿನ ಜಾಡು ಹಿಡೀರಿ

ತಮ್ಮ, ನಿಮ್ಮ ಪ್ರಶ್ನೆ ಓದಿದೆ. ಬ್ರಿಸ್ಟಲ್‌ಗೆ ಬಂದು ಮೂರು ತಿಂಗಳಾಯ್ತು, ದಾವಣಗೆರೆಯಲ್ಲಿ ಕಾಲೇಜಿನ ತನಕ ಸೈಕಲ್ ಹೊಡೆದವರು, ಈಗ ಹೆಂಡತಿ ಮತ್ತು ಒಂಬತ್ತು ವರ್ಷದ ಮಗನ ಜೊತೆ ಇಲ್ಲಿನ ಹಳ್ಳಿಗಾಡು ನೋಡಬೇಕು, ಕಾರಿನ ಕಾಟ ಇರಬಾರದು, ಆದರೆ ಎರಡು ದಿನದ ಟೂರ್ ಮಾಡಬೇಕು. ಇಷ್ಟು ತಾನೆ? ಧಾರಾಳವಾಗಿ ಆಗುತ್ತೆ. ಆದರೆ "ಮ್ಯಾಪಿನಲ್ಲಿ ಸಣ್ಣ ಸಣ್ಣ ಹಳ್ಳಿ ರಸ್ತೆ ಗುರುತು ಹಾಕಿಟ್ಟಿದ್ದೇನೆ" ಅಂತ ಬರೆದಿದ್ದೀರಲ್ಲ, ಅದನ್ನು ಮೊದಲು ಅಳಿಸಿಬಿಡಿ.

ಕ್ಯಾಲೆಂಡರಿನ ಚಿತ್ರದಲ್ಲಿ ಕಾಣುವ ಆ ಹಳ್ಳಿ ರಸ್ತೆಯಿದೆಯಲ್ಲ, ಎರಡೂ ಕಡೆ ಆಳೆತ್ತರದ ಹಸಿರು ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ಜಾಗ, ಅದು ನೋಡೋಕೆ ಮಾತ್ರ ಶಾಂತ. ಬೇರೆ ಬೋರ್ಡ್ ಇಲ್ಲದಿದ್ದರೆ ಅಲ್ಲಿ ಕಾನೂನಿನ ಪ್ರಕಾರ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್ ತನಕ ಓಡಿಸಬಹುದು. ತಿರುವಿನಾಚೆ ಏನಿದೆ ಅಂತ ಬೇಲಿ ತೋರಿಸಲ್ಲ. ಮಣ್ಣಿನ ಅಂಚಿಗೆ ಇಳಿಯೋಣ ಅಂದರೆ ಅಂಚೇ ಇಲ್ಲ. ನಾನು ಬಂದ ಮೊದಲ ವರ್ಷ ಅಂಥದೊಂದು ರಸ್ತೆಯಲ್ಲಿ ಎದುರಿಗೆ ವ್ಯಾನ್ ಬಂತು ಅಂತ ಬೇಲಿಗೆ ಒರಗಿ ನಿಂತೆ. ವ್ಯಾನ್ ಹೋಯಿತು, ಒರಗಿದ್ದು ತುರಚೆ ಗಿಡಕ್ಕೆ ಅಂತ ಆಮೇಲೆ ಗೊತ್ತಾಯ್ತು. ಮೊಣಕೈ ತನಕ ಬೊಬ್ಬೆ. ಸಕಲೇಶಪುರದ ಕಾಫಿ ತೋಟದಲ್ಲಿ ಬೆಳೆದವನಿಗೆ ತುರಚೆ ಗುರುತು ಸಿಗಲಿಲ್ಲ ಅಂದರೆ ನಗಬೇಡಿ, ಇಲ್ಲಿಯದು ಬೇರೆ ಥರ ಇರುತ್ತೆ ಮಾರಾಯ್ರೆ.

ಕಾರಿಲ್ಲದ ದಾರಿ ಇಂಗ್ಲೆಂಡಿನಲ್ಲಿ ಎರಡು ಕಡೆ ಸಿಗುತ್ತೆ: ರೈಲು ಓಡೋದು ನಿಂತುಹೋದ ಕಡೆ, ಕಾಲುವೆ ಹರಿಯುವ ಕಡೆ. 1963ರಲ್ಲಿ ಬೀಚಿಂಗ್ ಅನ್ನುವವರು ರೈಲ್ವೆಯ ನಷ್ಟದ ಲೆಕ್ಕ ಹಾಕಿ ಒಂದು ವರದಿ ಕೊಟ್ಟರು. ಅದರ ಮೇಲೆ ಸಾವಿರಾರು ಮೈಲಿ ಸಣ್ಣ ಲೈನುಗಳು ಮುಚ್ಚಿದವು. ಹಳಿ ಕಿತ್ತರು, ಆದರೆ ಏರಿ, ಸೇತುವೆ, ಸುರಂಗ ಎಲ್ಲ ಬಹಳಷ್ಟು ಕಡೆ ಹಾಗೇ ಉಳಿಯಿತು. ಉಗಿ ಎಂಜಿನ್ನಿಗೆ ಕಡಿದಾದ ಏರು ಆಗಿಬರುತ್ತಿರಲಿಲ್ಲ, ಹಾಗಾಗಿ ಗುಡ್ಡ ಕೊರೆದು, ಹಳ್ಳ ತುಂಬಿಸಿ ದಾರಿ ಸಮ ಮಾಡಿದ್ದರು. ಆ ಪುಣ್ಯ ಈಗ ನಿಮ್ಮ ಮಗನ ಕಾಲಿಗೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ದಾರಿ ಐವತ್ತು ಅಡಿಗೆ ಒಂದು ಅಡಿ ಏರುತ್ತೆ. ಇಲ್ಲಿ ಬಾತ್ ಊರಿಂದ ಹೊರಡುವ ಹಳೇ ಲೈನಿನದೂ ಅದೇ ಲೆಕ್ಕ. ನಮ್ಮೂರಲ್ಲಿ ಗೂಡ್ಸ್ ರೈಲು ಮುಕ್ಕರಿಯುವ ಏರನ್ನು ಇಲ್ಲಿ ಮಕ್ಕಳು ಹಾಡು ಹೇಳಿಕೊಂಡು ತುಳಿಯುತ್ತವೆ. (ಬಿಸಿಬೇಳೆ ಬಾತ್ ಜೋಕನ್ನು ಈಗಲೇ ಹೊಡೆದು ಮುಗಿಸಿಬಿಡಿ, ಇಲ್ಲಿನ ಕನ್ನಡಿಗರೆಲ್ಲ ಅದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ.)

ನಿಮ್ಮ ಅದೃಷ್ಟ, ಇಂಥ ಹಳೇ ಜಾಡನ್ನು ಸೈಕಲ್ ದಾರಿ ಮಾಡೋಕೆ ಇಳಿದ ದೊಡ್ಡ ಗುಂಪು ನಿಮ್ಮ ಬ್ರಿಸ್ಟಲ್‌ನದೇ. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಸೈಕಲ್‌ಬ್ಯಾಗ್ ಅಂತ ಒಂದು ಗುಂಪು ಹುಟ್ಟಿತು, ಅದೇ ಮುಂದೆ ಸಸ್ಟ್ರಾನ್ಸ್ ಅನ್ನುವ ಸೈಕಲ್ ದಾರಿಗಳ ಸಂಸ್ಥೆ ಆಯಿತು. ಮುಚ್ಚಿದ ರೈಲು ಜಾಡಿನಲ್ಲಿ ಬ್ರಿಸ್ಟಲ್‌ನಿಂದ ಬಾತ್‌ವರೆಗೆ 13 ಮೈಲಿ, ಅಂದರೆ 21 ಕಿಲೋಮೀಟರ್ ಡಾಂಬರು ದಾರಿ ಮಾಡಿದರು. ಮೊದಲ ಶನಿವಾರ ಅಲ್ಲಿಗೇ ಹೋಗಿ. ಸ್ಟೇಪಲ್ ಹಿಲ್ ಸುರಂಗದೊಳಗೆ ಮೇಲಿಂದ ನೀರು ತೊಟ್ಟಿಕ್ಕಿ ಒಂದು ಹನಿ ಖಂಡಿತ ಕುತ್ತಿಗೆಗೆ ಬೀಳುತ್ತೆ. ಬಿಟ್ಟನ್ ಸ್ಟೇಷನ್ನಿನಲ್ಲಿ ಹವ್ಯಾಸಿಗಳು ಒಂದಷ್ಟು ದೂರ ಹಳಿ ಮತ್ತೆ ಹಾಕಿ ಉಗಿ ಬಂಡಿ ಓಡಿಸುತ್ತಾರೆ. ಅದು ಓಡುವ ದಿನ ನೋಡಿಕೊಂಡು ಹೋದರೆ ಪಕ್ಕದಲ್ಲೇ ಹೊಗೆ ಬಿಟ್ಟುಕೊಂಡು ಬರುತ್ತೆ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಸಿಗುತ್ತೆ. ಬುತ್ತಿ ಮಾತ್ರ ಮನೆಯಿಂದ ಒಯ್ಯಿರಿ, ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ ಸುತ್ತಿದರೆ ಸಂಜೆ ತನಕ ಕೆಡಲ್ಲ.

ಈಗ ಟೂರಿನ ವಿಷಯ. ನೂರಕ್ಕೆ ನೂರು ಕಾರಿಲ್ಲದ ಎರಡು ದಿನದ ದಾರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತುಂಡು ತುಂಡು ಒಳ್ಳೇ ದಾರಿ ಇರುತ್ತೆ, ಅವುಗಳ ನಡುವಿನ ಸಂದುಗಳೇ ತಲೆನೋವು. ರಾಷ್ಟ್ರೀಯ ಸೈಕಲ್ ಜಾಲದ ನೀಲಿ ಬೋರ್ಡು, ಕೆಂಪು ನಂಬರು ಕಂಡ ತಕ್ಷಣ ಕಾರಿರಲ್ಲ ಅಂದುಕೊಳ್ಳೋದು ಹೊಸಬರೆಲ್ಲ ಮಾಡುವ ತಪ್ಪು. ಆ ಜಾಲದ ಹೆಚ್ಚು ಪಾಲು ಮಾಮೂಲಿ ರಸ್ತೆಯೇ. 2020ರಲ್ಲಿ ಸಸ್ಟ್ರಾನ್ಸ್‌ನವರೇ ಇವು ಅಪಾಯ ಅಂತ ಸುಮಾರು ಕಾಲು ಭಾಗ ದಾರಿಯನ್ನು ಜಾಲದಿಂದ ಕೈಬಿಟ್ಟರು. ಹಾಗಾಗಿ ನಾನು ರೂಟ್ ಹಾಕುವಾಗ ಚಂದದ ಭಾಗ ನೋಡೋದೇ ಇಲ್ಲ. ಸಂದು ಎಲ್ಲಿದೆ, ಎಷ್ಟು ಉದ್ದ, ಮಗುವಿನ ಜೊತೆ ಇಳಿದು ತಳ್ಳಿಕೊಂಡು ಹೋಗಬಹುದಾ, ಇಷ್ಟೇ ನೋಡೋದು.

ಆ ಲೆಕ್ಕದಲ್ಲಿ ನಿಮಗೆ ಹೇಳುವ ಟೂರ್ ಇದು. ಮೊದಲ ದಿನ ರೈಲು ದಾರಿಯಲ್ಲಿ ಬಾತ್, ರಾತ್ರಿ ಅಲ್ಲೇ. ಎರಡನೇ ದಿನ ಎರಡು ಸುರಂಗದ ದಾರಿ, ಆಗಲೇ ಹೇಳಿದ ಬಾತ್‌ನ ಹಳೇ ಲೈನು ಇದೇ. ಬಾತ್‌ನ ನದಿ ದಂಡೆಯಿಂದ ಅಲ್ಲಿಗೆ ಒಂದಷ್ಟು ಬೀದಿ ದಾಟಬೇಕು, ಅದು ಮೊದಲ ಸಂದು. ಎರಡನೇ ಸುರಂಗ ಕೂಮ್ ಡೌನ್, 1,672 ಮೀಟರ್ ಉದ್ದ, 2013ರಲ್ಲಿ ತೆರೆದರು. ಒಳಗೆ ಬೇಸಿಗೆಯಲ್ಲೂ ತಣ್ಣಗೆ, ಜರ್ಕಿನ್ ಮೊದಲೇ ಹಾಕಿಕೊಳ್ಳಿ. ಮಧ್ಯಕ್ಕೆ ಬಂದಾಗ ಕತ್ತಲಲ್ಲಿ ತಂತಿ ವಾದ್ಯದ ಸದ್ದು ಕೇಳಿದರೆ ಹೆದರಬೇಡಿ, ಬೇಕಂತಲೇ ಹಾಕಿದ್ದಾರೆ. ಈ ಸುರಂಗಕ್ಕೆ ಗಾಳಿಗಿಂಡಿಯೇ ಇರಲಿಲ್ಲ. 1929ರಲ್ಲಿ ಒಂದು ಗೂಡ್ಸ್ ಬಂಡಿ ಇದರೊಳಗೆ ನಿಧಾನಕ್ಕೆ ಏರುವಾಗ ಹೊಗೆಗೆ ಚಾಲಕ, ಕಲ್ಲಿದ್ದಲು ಹಾಕುವವನು ಇಬ್ಬರೂ ಪ್ರಜ್ಞೆ ತಪ್ಪಿದರು. ಬಂಡಿ ಆಚೆ ಇಳಿಜಾರಿನಲ್ಲಿ ತಾನೇ ಓಡಿ ಬಾತ್ ಯಾರ್ಡಿಗೆ ನುಗ್ಗಿ ಮೂವರು ಸತ್ತರು. ಮಗನಿಗೆ ಈ ಕಥೆ ಸುರಂಗ ದಾಟಿದ ಮೇಲೆ ಹೇಳಿ.

ಮಿಡ್‌ಫರ್ಡ್ ಅನ್ನುವ ಹಳ್ಳಿ ದಾಟಿದ ಮೇಲೆ ಎರಡನೇ ಸಂದು, ಕಿರಿದಾದ ರಸ್ತೆ, ಏರೂ ಇದೆ. ನಾಚಿಕೆ ಬಿಟ್ಟು ಇಳಿದು ತಳ್ಳಿ. ಆಮೇಲೆ ಡಂಡಾಸ್ ಹತ್ತಿರ ಕಾಲುವೆ ಸಿಕ್ಕಿತು ಅಂದರೆ ಬ್ರಾಡ್‌ಫರ್ಡ್-ಆನ್-ಏವನ್ ತನಕ ಯೋಚನೆಯಿಲ್ಲ. ಇದು 1810ರಲ್ಲಿ ಮುಗಿದ ಕೆನೆಟ್-ಏವನ್ ಕಾಲುವೆ. ಹಿಂದೆ ಕುದುರೆ ದಡದಲ್ಲಿ ನಡೆಯುತ್ತ ದೋಣಿ ಎಳೆಯುತ್ತಿತ್ತು, ಆ ಕುದುರೆಯ ಜಾಡೇ ಈಗ ನಮ್ಮ ದಾರಿ. ದಡಕ್ಕೆ ಕಟ್ಟಿದ ಉದ್ದುದ್ದ ದೋಣಿಗಳಲ್ಲಿ ಜನ ಸಂಸಾರ ಮಾಡುತ್ತಾರೆ. ಛಾವಣಿ ಮೇಲೆ ಸೌದೆ, ಸೋಲಾರ್ ಹಲಗೆ, ಪುದೀನ ಕುಂಡ, ಮೈ ಮುರಿಯುತ್ತ ಕೂತ ಬೆಕ್ಕು. ಅವರ ಅಂಗಳದಲ್ಲಿ ನಾವು ಹೋಗುತ್ತಿದ್ದೇವೆ ಅನ್ನೋದು ಮರೆಯಬೇಡಿ, ನಿಧಾನ ಹೋಗಿ. ಕಾಲಿನಲ್ಲಿ ಕಸುವಿದ್ದರೆ ಇನ್ನೂ ಸುಮಾರು ಇಪ್ಪತ್ತು ಕಿಲೋಮೀಟರ್ ಮುಂದೆ ಡಿವೈಜಿಸ್. ಅಲ್ಲಿ ದೋಣಿಗಳನ್ನು ಗುಡ್ಡ ಹತ್ತಿಸುವ 29 ಲಾಕ್‌ಗಳಿವೆ (ನೀರು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳು), ಅದರಲ್ಲಿ 16 ಮೆಟ್ಟಿಲಿನ ಹಾಗೆ ಒಂದೇ ಸಾಲಿನಲ್ಲಿ. ಆದರೆ ಡಿವೈಜಿಸ್‌ನಲ್ಲಿ ರೈಲು ಸ್ಟೇಷನ್ ಇಲ್ಲ, ಹೋದಷ್ಟೂ ವಾಪಸ್ ತುಳಿಯಬೇಕು. ಮೊದಲ ಸಲ ಬ್ರಾಡ್‌ಫರ್ಡ್‌ನಲ್ಲೇ ರೈಲು ಹತ್ತಿಬಿಡಿ.

ರೈಲಿನಲ್ಲಿ ಸೈಕಲ್‌ಗೆ ಟಿಕೆಟ್ ಇಲ್ಲ, ಜಾಗ ಮಾತ್ರ ಕಮ್ಮಿ. ದೂರದ ರೈಲಾದರೆ ಮೊದಲೇ ಸೀಟಿನ ಹಾಗೆ ಕಾದಿರಿಸಬೇಕು. ಒಂದು ಭಾನುವಾರ ಸಂಜೆ ನಾನು, ಹೆಂಡತಿ, ಮಗಳು ಕೆಸರು ಮೆತ್ತಿಕೊಂಡು ನಿಂತಾಗ ಗಾರ್ಡ್ "ಎರಡೇ ಹಿಡಿಸೋದು" ಅಂದ. ಅವರಿಬ್ಬರನ್ನು ಹತ್ತಿಸಿ ನಾನು ಒಂದು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಕೂತೆ. ಆ ವಿಷಯ ಮನೆಯಲ್ಲಿ ಇವತ್ತಿಗೂ ಎತ್ತುತ್ತಾರೆ.

ಸೈಕಲ್ ಯಾವುದು ಅಂತ ಕೇಳಿದ್ದೀರಿ. ಬೆರಳಗಲದ ಟೈರಿನ ರೇಸಿಂಗ್ ಸೈಕಲ್ ಬೇಡ, ಕಾಲುವೆ ದಡದ ಜಲ್ಲಿಗೆ ಅದು ನರಳುತ್ತೆ. ಡಾಂಬರಿಗೂ ಜಲ್ಲಿಗೂ ಆಗುವ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸೈಕಲ್ ಸಾಕು, ಕೆಲಸಕ್ಕೂ ಸೈಕಲ್‌ನಲ್ಲೇ ಹೋಗೋದಾದರೆ ಆಫೀಸಿನಲ್ಲಿ ಸಂಬಳದಿಂದ ಕಂತು ಹಿಡಿದು ಸೈಕಲ್ ಕೊಡಿಸುವ ಸೈಕಲ್ ಟು ವರ್ಕ್ ಸ್ಕೀಮ್ ಇದೆಯಾ ವಿಚಾರಿಸಿ, ತೆರಿಗೆ ಉಳಿಯುತ್ತೆ. ಸೆಪ್ಟೆಂಬರ್ ಆದ ಮೇಲೆ ರೈತರು ಯಂತ್ರ ಹಚ್ಚಿ ಬೇಲಿ ಸವರುತ್ತಾರೆ, ಆಗ ಹಾಥಾರ್ನ್ ಮುಳ್ಳು ದಾರಿ ತುಂಬ ಚೆಲ್ಲಿರುತ್ತೆ. ನಮ್ಮ ಜಾಲಿ ಮುಳ್ಳಿನಷ್ಟು ಉದ್ದವಿಲ್ಲ, ಆದರೆ ಟೈರಿನೊಳಗೆ ಮುರಿದು ಕೂರುತ್ತೆ. ಟ್ಯೂಬ್ ಬದಲಿಸಿದ ಹತ್ತೇ ನಿಮಿಷಕ್ಕೆ ಮತ್ತೆ ಪಂಚರ್ ಆದರೆ ಅದೇ ಮುಳ್ಳು ಅಂತ ತಿಳಿಯಿರಿ. ಟೈರಿನ ಒಳಮೈಯನ್ನು ಬೆರಳಲ್ಲಿ ಮೆಲ್ಲಗೆ ಸವರಿ ಹುಡುಕಿ, ಇಕ್ಕಳ ಇಟ್ಟುಕೊಂಡಿರಿ. ಇಲ್ಲಿ ಮರದ ಕೆಳಗೆ ಬಕೆಟ್ ನೀರಿಟ್ಟುಕೊಂಡ ಪಂಚರ್ ಅಂಗಡಿ ಸಿಗಲ್ಲ.

ಕಾಲುದಾರಿಯ ಹಳದಿ ಬಾಣ ಕಂಡರೆ ಅದು ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಕುದುರೆ ದಾರಿ. 1968ರ ಕಾನೂನಿನಿಂದ ಅಲ್ಲಿ ಸೈಕಲ್‌ಗೂ ಹಕ್ಕಿದೆ, ಆದರೆ ಮಳೆ ಬಂದ ಮೇಲೆ ಅದು ನಾಟಿ ಗದ್ದೆ. ಕುದುರೆ ಎದುರಾದರೆ ಬೆಲ್ ಬೇಡ, ದೂರದಿಂದಲೇ "ಹಲೋ" ಅನ್ನಿ. ಮನುಷ್ಯನ ದನಿ ಕೇಳಿದರೆ ಕುದುರೆ ಬೆದರಲ್ಲ.

ಇದು ಮುಗಿದ ಮೇಲೆ ಪೀಕ್ ಡಿಸ್ಟ್ರಿಕ್ಟ್‌ನ ಮೊನ್ಸಾಲ್ ಟ್ರೇಲ್, ಕಾರ್ನ್‌ವಾಲ್‌ನ ಕ್ಯಾಮೆಲ್ ಟ್ರೇಲ್ ಇಟ್ಟುಕೊಳ್ಳಿ, ಎರಡೂ ಹಳೇ ರೈಲು ದಾರಿ, ಸೈಕಲ್ ಬಾಡಿಗೆಗೂ ಸಿಗುತ್ತೆ. ನಾನಿರೋದು ಕೇನ್ಶಮ್‌ನಲ್ಲಿ, ದಾರಿಗೆ ಹತ್ತಿರವೇ. ನೀವು ಹೋಗುವ ಆ ಮೊದಲ ಶನಿವಾರ ಬಿಟ್ಟನ್ ಪ್ಲಾಟ್‌ಫಾರ್ಮಿಗೆ ಬೆಳಿಗ್ಗೆ ಹತ್ತೂವರೆಗೆ ಬರುತ್ತೇನೆ. ಮಗನ ಸೈಕಲ್ ಟೈರಿನ ಪಕ್ಕದಲ್ಲಿ ಒಂದು ನಂಬರ್ ಇರುತ್ತೆ, ಅದನ್ನು ಬರೆದು ಕಳಿಸಿ, ಹೆಚ್ಚುವರಿ ಟ್ಯೂಬ್ ನಾನೇ ತರುತ್ತೇನೆ. ಚಟ್ನಿಪುಡಿ ನಿಮ್ಮದು, ಶೇಂಗಾದ್ದಾದರೆ ಇನ್ನೂ ಒಳ್ಳೇದು.